ಫಲಕದ ಮೇಲೆ ಬರೆಸಿಕೊಂಡ ನಂಬಿಕೆ

ಟೆನೆಸ್ಸೀ ರಾಜ್ಯದ ಚಟ್ಟನೂಗಾದಿಂದ ಉತ್ತರಕ್ಕೆ ಡೇಟನ್ ಕಡೆ ಹೊರಟರೆ ಪೆಟ್ರೋಲ್ ಬಂಕಿಗಿಂತ ಚರ್ಚುಗಳೇ ಹೆಚ್ಚು ಸಿಗುತ್ತವೆ. ಮೆಥೋಡಿಸ್ಟ್, ಪ್ರೆಸ್ಬಿಟೇರಿಯನ್, ಚರ್ಚ್ ಆಫ್ ಗಾಡ್, ಆಮೇಲೆ ಲೆಕ್ಕವಿಲ್ಲದಷ್ಟು ಬ್ಯಾಪ್ಟಿಸ್ಟ್. ಇವುಗಳ ನಡುವೆ ಒಂದು ಬಗೆಯ ಫಲಕ ಕಣ್ಣಿಗೆ ಬೀಳದೇ ಇರುವುದಿಲ್ಲ. ಮೇಲೆ ಚರ್ಚಿನ ಹೆಸರು, ಅದರ ಕೆಳಗೆ ‘ಇಂಡಿಪೆಂಡೆಂಟ್’, ‘ಫಂಡಮೆಂಟಲ್’, ‘ಕೆಜೆವಿ 1611’, ಇನ್ನೂ ಕೆಳಗೆ ಭಾನುವಾರ ಬೆಳಿಗ್ಗೆ, ಭಾನುವಾರ ಸಂಜೆ, ಬುಧವಾರ ರಾತ್ರಿಯ ವೇಳೆ. ಇವು ಯಾವ ಒಕ್ಕೂಟಕ್ಕೂ ಸೇರದ, ಹಳೆಯ ಮೂಲ ನಂಬಿಕೆಗಳನ್ನು ಬಿಗಿಯಾಗಿ ಹಿಡಿದ ಬ್ಯಾಪ್ಟಿಸ್ಟ್ ಚರ್ಚುಗಳು; ತಾನೇ ನಂಬಿ ಬಂದವನಿಗೆ ಮಾತ್ರ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಮ್, ಕೊಡುವವರು. ನಮ್ಮ ಕಡೆ ಖಾನಾವಳಿಯವರು ‘ಶುದ್ಧ ಸಸ್ಯಾಹಾರಿ’ ಎಂದು ಬರೆಸುತ್ತಾರಲ್ಲ, ಹಾಗೆ ಒಳಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಬಾಗಿಲಲ್ಲೇ ಹೇಳಿಬಿಡುತ್ತಾರೆ.

ನಾನು ಹಾವೇರಿ ಜಿಲ್ಲೆಯವನು, ಲಿಂಗಾಯತರ ಮನೆಯವನು. ಇಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ಪಕ್ಕದ ಮನೆಯ ಹಿರಿಯರು ಅಂಥದೊಂದು ಚರ್ಚಿನ ಡೀಕನ್, ಅಂದರೆ ಸಭೆಯ ಸೇವಕರಲ್ಲಿ ಒಬ್ಬರು. ಅವರು ಕರೆದಾಗಲೆಲ್ಲ ಅಲ್ಲದಿದ್ದರೂ ಆಗಾಗ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬಂದಿದ್ದೇನೆ. ಇದು ಅವ್ವನ ಕಿವಿಗೆ ಬಿದ್ದಾಗ ಫೋನಿನಲ್ಲಿ ಒಂದೇ ಪ್ರಶ್ನೆ: “ಅವ್ರು ನಿನ್ನ ಲಿಂಗ ತಗಸ್ಯಾರೇನೋ ತಮ್ಮಾ?” ಇಲ್ಲವ್ವಾ, ಯಾರೂ ತೆಗೆಸಿಲ್ಲ. ಆದರೆ ಕೂತು ನೋಡಿದವನಿಗೆ ಒಂದೆರಡು ಮಾತು ಹೇಳದೆ ಇರಲಾಗುತ್ತಿಲ್ಲ. ಈ ಜನರ ನಂಬಿಕೆಯ ಪಟ್ಟಿಗಿಂತ, ನಂಬಿಕೆ ಹುಟ್ಟಿನಿಂದ ಬರುವುದಲ್ಲ, ಪ್ರತಿಯೊಬ್ಬ ತನ್ನ ಬಾಯಿಂದ ಹೇಳಿ ಒಳಗೆ ಬರಬೇಕು ಎಂದು ಅವರು ಹಿಡಿದ ಹಟ ನನಗೆ ದೊಡ್ಡದಾಗಿ ಕಾಣುತ್ತದೆ. ಅವರ ಒಳ್ಳೆಯದೆಲ್ಲ ಅಲ್ಲಿಂದಲೇ ಬಂದಿದೆ. ಅವರನ್ನು ತೂಗುವುದಿದ್ದರೂ ಅದೇ ತಕ್ಕಡಿಯಲ್ಲಿ ತೂಗಬೇಕು.

ಪಟ್ಟಿಯನ್ನು ಬೇಗ ಮುಗಿಸುತ್ತೇನೆ. ಚರ್ಚಿನ ಒಳಬಾಗಿಲ ಹತ್ತಿರದ ಮೇಜಿನ ಮೇಲೆ ಮಡಚಿಟ್ಟ ಹಾಳೆಯಲ್ಲಿ ಅದು ಅಚ್ಚಾಗಿದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಸತ್ಯವೇದ, ಅಂದರೆ ಬೈಬಲ್, ದೇವರ ವಾಕ್ಯ, ಅದರ ಒಂದೊಂದು ಮಾತೂ ತಪ್ಪಿಲ್ಲದ್ದು. ತಂದೆ, ಮಗ, ಪವಿತ್ರಾತ್ಮ ಸೇರಿ ಒಬ್ಬನೇ ದೇವರು. ಯೇಸು ಕನ್ನಿಕೆಯಲ್ಲಿ ಹುಟ್ಟಿದ, ಮನುಷ್ಯರ ಪಾಪಕ್ಕೆ ಬದಲಾಗಿ ಶಿಲುಬೆಯ ಮೇಲೆ ಸತ್ತ, ದೇಹಸಹಿತ ಎದ್ದ, ಮತ್ತೆ ಬರುತ್ತಾನೆ. ರಕ್ಷಣೆ ಪುಣ್ಯಕಾರ್ಯದಿಂದ ಸಿಗುವುದಿಲ್ಲ, ಕೃಪೆಯಿಂದ, ನಂಬಿಕೆಯ ಮೂಲಕ ಮಾತ್ರ. ಒಮ್ಮೆ ಸಿಕ್ಕ ರಕ್ಷಣೆ ಕಳೆದುಹೋಗುವುದೂ ಇಲ್ಲ. ಸ್ವರ್ಗ ನರಕ ಎರಡೂ ಉಪಮೆಗಳಲ್ಲ, ನಿಜವಾದ ಜಾಗಗಳು. ಲೋಕ ಆರು ದಿನಗಳಲ್ಲಿ ಸೃಷ್ಟಿಯಾಯಿತು. ಕೊನೆಯದನ್ನು ಓದುವಾಗ ಡೇಟನ್ ನೆನಪಾಗದೆ ಇರದು. ಶಾಲೆಯಲ್ಲಿ ವಿಕಾಸವಾದ ಕಲಿಸಿದ್ದಕ್ಕೆ ಜಾನ್ ಸ್ಕೋಪ್ಸ್ ಎಂಬ ಮೇಷ್ಟ್ರ ಮೇಲೆ 1925ರ ಜುಲೈನಲ್ಲಿ ಮೊಕದ್ದಮೆ ನಡೆದದ್ದು ಅಲ್ಲಿಯ ಕೋರ್ಟಿನಲ್ಲೇ. ಅದನ್ನು ಕಲಿಸಬಾರದೆಂಬ ಕಾನೂನು ತಂದ ಶಾಸಕ ಜಾನ್ ಬಟ್ಲರ್ ಒಬ್ಬ ಬ್ಯಾಪ್ಟಿಸ್ಟ್ ರೈತ. ಅದು ರದ್ದಾದದ್ದು 1967ರಲ್ಲಿ.

‘ಕೆಜೆವಿ 1611’ ಅಂದರೆ ಕಿಂಗ್ ಜೇಮ್ಸ್ ವರ್ಷನ್, ಇಂಗ್ಲೆಂಡಿನ ಒಂದನೇ ಜೇಮ್ಸ್ ದೊರೆಯ ಕಾಲದಲ್ಲಿ ಆದ ಬೈಬಲ್ಲಿನ ಇಂಗ್ಲಿಷ್ ಅನುವಾದ. ಈ ಸಭೆಗಳಲ್ಲಿ ಅನೇಕವು ಅದನ್ನು ಬಿಟ್ಟು ಬೇರೆ ಅನುವಾದ ಮುಟ್ಟುವುದಿಲ್ಲ. ಇಲ್ಲೊಂದು ತಮಾಷೆ ಇದೆ. 1609ರಲ್ಲಿ ಇಂಗ್ಲೆಂಡಿನಿಂದ ಓಡಿ ಬಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ನೆಲೆಸಿದ್ದ ಜಾನ್ ಸ್ಮಿತ್ ಎಂಬ ಪಾದ್ರಿ, ಕೂಸಾಗಿದ್ದಾಗ ತನಗೆ ಆದ ದೀಕ್ಷಾಸ್ನಾನ ಸ್ನಾನವೇ ಅಲ್ಲ ಎಂದು ತನ್ನ ತಲೆಯ ಮೇಲೆ ತಾನೇ ನೀರು ಹಾಕಿಕೊಂಡ. ಅವನ ಜೊತೆಯಲ್ಲಿದ್ದ ಥಾಮಸ್ ಹೆಲ್ವಿಸ್ ಲಂಡನ್ನಿಗೆ ಮರಳಿ ಇಂಗ್ಲೆಂಡಿನ ಮೊದಲ ಬ್ಯಾಪ್ಟಿಸ್ಟ್ ಸಭೆ ಕಟ್ಟಿದ. ಪ್ರಜೆಗಳ ದೇಹದ ಮೇಲೆ ನಿನ್ನ ಅಧಿಕಾರ ಉಂಟು, ಆತ್ಮದ ಮೇಲೆ ಇಲ್ಲ, ತುರ್ಕರಾಗಲಿ ಯೆಹೂದ್ಯರಾಗಲಿ ನಂಬಿಕೆಗಾಗಿ ಯಾರನ್ನೂ ದಂಡಿಸುವ ಹಕ್ಕು ದೊರೆಗಿಲ್ಲ ಎಂಬ ಅರ್ಥದ ಮಾತನ್ನು ಪುಸ್ತಕ ಬರೆದು ಇದೇ ಜೇಮ್ಸ್ ದೊರೆಗೆ ತಿಳಿಸಿದ. ದೊರೆ ಅವನನ್ನು ನ್ಯೂಗೇಟ್ ಜೈಲಿಗೆ ಹಾಕಿಸಿದ. ಅವನು ಸತ್ತದ್ದೂ ಅಲ್ಲೇ. ದೊರೆಯ ಹೆಸರಿನ ಪುಸ್ತಕ ಇಂದು ಹೆಲ್ವಿಸ್‌ನ ವಾರಸುದಾರರ ಕಂಕುಳಲ್ಲಿದೆ. ಇದನ್ನು ಹೇಳಿದಾಗ ಡೀಕನ್ ಹಿರಿಯರು ನಕ್ಕು, ದೇವರು ವಕ್ರ ಕೋಲಿನಿಂದಲೂ ನೇರ ಗೆರೆ ಎಳೆಯಬಲ್ಲ ಅಂದರು. ಉತ್ತರ ತಯಾರಿಟ್ಟುಕೊಂಡೇ ಇದ್ದರೋ ಏನೋ!

ಅಮೆರಿಕಕ್ಕೆ ಬಂದ ಮೇಲೂ ಏಟು ತಪ್ಪಲಿಲ್ಲ. ಬಾಸ್ಟನ್ನಿನಲ್ಲಿ 1651ರಲ್ಲಿ ಒಬಡಾಯ ಹೋಮ್ಸ್ ಎಂಬ ಬ್ಯಾಪ್ಟಿಸ್ಟನಿಗೆ 30 ಚಾಟಿಯೇಟು ಬಿದ್ದವು. ವರ್ಜೀನಿಯಾದಲ್ಲಿ ಉಪದೇಶ ಮಾಡಬೇಕಾದರೆ ಸರ್ಕಾರದ ಲೈಸೆನ್ಸು ಬೇಕಾಗಿತ್ತು. ದೇವರ ಮಾತು ಹೇಳಲು ಅಧಿಕಾರಿಯ ಅಪ್ಪಣೆ ಏಕೆ ಎಂದು ಅದನ್ನು ತೆಗೆದುಕೊಳ್ಳದ ಬ್ಯಾಪ್ಟಿಸ್ಟರನ್ನು 1768ರಿಂದ ಮುಂದೆ ಸಾಲಾಗಿ ಜೈಲಿಗೆ ಹಾಕಿದರು. ಕೆಲವರು ಜೈಲಿನ ಕಿಟಕಿಯಿಂದಲೇ ಉಪದೇಶ ಮಾಡಿದರು. ಧರ್ಮಕ್ಕೂ ರಾಜ್ಯಕ್ಕೂ ನಡುವೆ ಗೋಡೆ ಎಂಬ ಮಾತನ್ನು ಅಧ್ಯಕ್ಷ ಜೆಫರ್ಸನ್ 1802ರ ಜನವರಿ 1ರಂದು ಬರೆದದ್ದು ಕನೆಕ್ಟಿಕಟ್ಟಿನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ. ಅಂದರೆ ಸೆಕ್ಯುಲರ್ ಎಂದರೆ ಇಂದು ಹುಬ್ಬು ಗಂಟಿಕ್ಕುವ ಇದೇ ಪಂಗಡದ ಹಿರೀಕರು ಒಂದು ಕಾಲಕ್ಕೆ ಆ ಗೋಡೆಗಾಗಿ ಹಂಬಲಿಸಿದ್ದರು.

ಇದನ್ನು ಓದುವಾಗ ನಮ್ಮ ರಾಜ್ಯದ 2022ರ ಮತಾಂತರ ಕಾಯ್ದೆ ಕಣ್ಣ ಮುಂದೆ ಬರುತ್ತದೆ. ಧರ್ಮ ಬದಲಿಸುವವನು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕು ಎಂದು ಅದರಲ್ಲಿ ಬರೆದರು. 2023ರಲ್ಲಿ ಬಂದ ಸರ್ಕಾರ ಅದನ್ನು ಕೈಬಿಡಲು ಸಂಪುಟದಲ್ಲಿ ತೀರ್ಮಾನ ಮಾಡಿತು. ಬಲವಂತ, ಆಮಿಷ ತಪ್ಪು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನನ್ನ ನಂಬಿಕೆ ಬದಲಾಗಿದೆ ಎಂದು ಡಿಸಿ ಕಚೇರಿಯಲ್ಲಿ ಸರದಿ ನಿಲ್ಲುವುದು ನನಗೆ ಒಪ್ಪದ ಮಾತು. ಹೆಲ್ವಿಸ್ ಹೇಳಿದ್ದು ಹಾವೇರಿಗೂ ಸಲ್ಲುತ್ತದೆ.

ಈಗ ನೀರಿನ ವಿಷಯ. ವೇದಿಕೆಯ ಹಿಂದೆ, ಎದೆಮಟ್ಟ ನೀರು ಹಿಡಿಯುವ ತೊಟ್ಟಿ. ಅದರ ಹಿಂದಿನ ಗೋಡೆಯ ಮೇಲೆ ಜೋರ್ಡನ್ ಹೊಳೆಯ ಚಿತ್ರ. ಚಿತ್ರ ಬರೆದವರು ಟೆನೆಸ್ಸೀಯ ಗುಡ್ಡಗಳನ್ನೇ ನೋಡಿ ಬರೆದಿದ್ದಾರೆ ಎಂದು ನನ್ನ ಗುಮಾನಿ. ಹೊಳೆಯ ದಂಡೆಗೆ ಪೈನ್ ಮರಗಳು. ದೀಕ್ಷಾಸ್ನಾನದ ದಿನ ಪಾಸ್ಟರ್ ನಿಲುವಂಗಿಯ ಒಳಗೆ, ಮೀನು ಹಿಡಿಯುವವರು ಹಾಕುವ ಎದೆಯವರೆಗಿನ ರಬ್ಬರ್ ಪೋಷಾಕು ಹಾಕಿಕೊಂಡು ಇಳಿಯುತ್ತಾರೆ. ಅದು ಮುಗಿದ ಹತ್ತು ನಿಮಿಷಕ್ಕೆ ಒಣಬಟ್ಟೆಯಲ್ಲಿ ಪ್ರಸಂಗಕ್ಕೆ, ಅಂದರೆ ಉಪದೇಶಕ್ಕೆ, ನಿಲ್ಲಬೇಕಲ್ಲ! ನಾನು ನೋಡಿದ ದಿನ ಇಳಿದವರು ಒಬ್ಬ ಲಾರಿ ಚಾಲಕ, ಐವತ್ತು ದಾಟಿದವರು. ಪಾಸ್ಟರ್ ಕೇಳಿದ್ದು ಒಂದೇ ಪ್ರಶ್ನೆ, ಯೇಸುವನ್ನು ನಿನ್ನ ರಕ್ಷಕ ಎಂದು ನಂಬಿದ್ದೀಯಾ ಎಂದು. ಆ ಮನುಷ್ಯ ಜೋರಾಗಿ ಹೌದು ಅಂದರು. ಮೂಗಿಗೆ ಕರವಸ್ತ್ರ ಹಿಡಿದು, ಬೆನ್ನಿಗೆ ಕೈಕೊಟ್ಟು, ಪೂರಾ ಮುಳುಗಿಸಿ ಎತ್ತಿದರು. ಜನ ‘ಆಮೆನ್’ ಎಂದು ಕೂಗಿದರು. ನೀರು ಪಾಪ ತೊಳೆಯುವುದಿಲ್ಲ, ಒಳಗೆ ಆಗಿಹೋದದ್ದನ್ನು ಹೊರಗೆ ಸಾರುವುದಷ್ಟೇ ಎನ್ನುವುದು ಅವರ ಸಿದ್ಧಾಂತ. ಯೇಸುವಿನ ಕೊನೆಯ ಊಟವನ್ನು ನೆನೆದು ರೊಟ್ಟಿ, ರಸ ಹಂಚಿಕೊಳ್ಳುವ ಕರ್ತನ ಭೋಜನವೂ ಹಾಗೆಯೇ, ನೆನಪಿಗಾಗಿ ಮಾತ್ರ. ಬಟ್ಟಲಲ್ಲಿ ವೈನ್ ಇಲ್ಲ, ದ್ರಾಕ್ಷಿ ರಸ. ಹುಳಿಯದ ದ್ರಾಕ್ಷಿ ರಸವನ್ನು ಚರ್ಚುಗಳಿಗೆಂದು 1869ರಲ್ಲಿ ಬಾಟಲಿಗೆ ತುಂಬಿದವರು ಥಾಮಸ್ ವೆಲ್ಚ್ ಎಂಬ ದಂತವೈದ್ಯರು, ಅವರು ಮೆಥೋಡಿಸ್ಟರು. ಅಂಗಡಿಯಲ್ಲಿ ಆ ಬಾಟಲಿ ನೋಡಿದಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ.

ಕೂಸಿಗೆ ಮಾತ್ರ ನೀರಿಲ್ಲ. ಹುಟ್ಟಿದ ಮಗುವನ್ನು ಎತ್ತಿ ತಂದು ಪ್ರಾರ್ಥನೆ ಮಾಡುತ್ತಾರೆ, ಅಷ್ಟೇ. ಸದಸ್ಯರ ಪಟ್ಟಿಯಲ್ಲಿ ಆ ಮಗುವಿನ ಹೆಸರಿರುವುದಿಲ್ಲ, ಪಾಸ್ಟರ್ ಮಗನಾದರೂ ಅಷ್ಟೇ. ಈ ವಿಷಯ ಅವರಿಗೆ ಎಷ್ಟು ಗಂಭೀರ ಎನ್ನುವುದಕ್ಕೆ ಅಡೋನಿರಾಮ್ ಜಡ್ಸನ್ ಎಂಬ ಅಮೆರಿಕದ ಮಿಷನರಿಯ ಕತೆ ಸಾಕು. 1812ರಲ್ಲಿ ಆತನನ್ನು ಹಡಗು ಹತ್ತಿಸಿ ಭಾರತಕ್ಕೆ ಕಳಿಸಿದ್ದು ಕೂಸಿಗೆ ದೀಕ್ಷಾಸ್ನಾನ ಮಾಡಿಸುವ ಕಾಂಗ್ರಿಗೇಷನಲ್ ಪಂಗಡ. ಹಡಗಿನಲ್ಲಿ ಗ್ರಂಥ ಓದುತ್ತ ಓದುತ್ತ, ಇದು ತಪ್ಪು ಅನ್ನಿಸಿತು. ಕಲ್ಕತ್ತೆಯಲ್ಲಿ ಇಳಿದು ಮುಳುಗಿ ಎದ್ದು ಬ್ಯಾಪ್ಟಿಸ್ಟನಾದ, ಕಳಿಸಿದವರಿಗೆ ರಾಜೀನಾಮೆ ಬರೆದ. ಸಂಬಳ ಹೋಯಿತು. ಆಮೇಲೆ ಬರ್ಮಾಕ್ಕೆ ಹೋದ.

ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಕೆಲವು ಮನೆತನಗಳಲ್ಲಿ ಕೂಸು ಗರ್ಭದಲ್ಲಿರುವಾಗಲೇ, ಎಂಟನೇ ತಿಂಗಳಲ್ಲಿ, ಅದರ ಹೆಸರಿನಲ್ಲಿ ಲಿಂಗ ಕಟ್ಟುತ್ತಾರೆ. ಹುಟ್ಟಿದ ಮೇಲಂತೂ ಅಯ್ಯನವರು ಬಂದು ಕಟ್ಟಿಯೇ ಕಟ್ಟುತ್ತಾರೆ. ನನಗೂ ಹಾಗೇ ಆಯಿತು, ಯಾರೂ ನನ್ನನ್ನು ಕೇಳಲಿಲ್ಲ, ಕೇಳಿದರೆ ಹೇಳಲು ಬಾಯಿಯೂ ಬಂದಿರಲಿಲ್ಲ. ಇದರಲ್ಲಿ ಪ್ರೀತಿ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹುಟ್ಟನ್ನು ಕೇಳಬೇಡಿ, ನಡೆಯನ್ನು ನೋಡಿ ಎಂದು ಹನ್ನೆರಡನೇ ಶತಮಾನದಲ್ಲಿ ಸಾರಿದವರ ಹೆಸರು ಹೇಳುವ ನಾವು, ಇಂದು ಮದುವೆಯ ಜಾಹೀರಾತಿನಲ್ಲಿ ಒಳಪಂಗಡದ ಹೆಸರನ್ನು ಮೊದಲು ಬರೆಯುತ್ತೇವೆ. ದೀಕ್ಷೆ ಬೇಡಿ ಪಡೆಯುವುದಾಗಿದ್ದದ್ದು ಪಿತ್ರಾರ್ಜಿತ ಆಸ್ತಿಯಾಯಿತು. ಬ್ಯಾಪ್ಟಿಸ್ಟರು ಆ ಬಾಗಿಲನ್ನು ನಾಲ್ಕುನೂರು ವರ್ಷ ಕಾದುಕೊಂಡು ಬಂದಿದ್ದಾರೆ. ಇದು ಅವರಿಂದ ಕಲಿಯಬೇಕಾದ್ದು.

ಪೂರ್ತಿ ಕಾದುಕೊಂಡಿದ್ದಾರೆಯೇ ಅಂದರೆ, ಅಲ್ಲೂ ಕಿಂಡಿಗಳಿವೆ. ಬೇಸಿಗೆ ರಜೆಯ ಬೈಬಲ್ ಶಾಲೆಯಲ್ಲಿ ಆರು ವರ್ಷದ ಮಕ್ಕಳ ಮುಂದೆ ನರಕವನ್ನು ವರ್ಣಿಸಿ, ರಕ್ಷಣೆ ಬೇಕಾದವರು ಕೈ ಎತ್ತಿ ಅಂದರೆ ಯಾವ ಮಗು ಕೈ ಎತ್ತುವುದಿಲ್ಲ? ಅದನ್ನು ಸ್ವಂತ ನಿರ್ಧಾರ ಎಂದು ಬರೆದುಕೊಳ್ಳುತ್ತಾರೆ. ಇಪ್ಪತ್ತು ದಾಟಿದ ಮೇಲೆ, ಆಗ ನನಗೆ ಏನೂ ಅರ್ಥವಾಗಿರಲಿಲ್ಲ ಎಂದು ಎರಡನೇ ಸಲ ನೀರಿಗೆ ಇಳಿದವರನ್ನು ಅಲ್ಲೇ ಕಂಡಿದ್ದೇನೆ. ಬಣ್ಣದ ಮಾತಂತೂ ಇದಕ್ಕಿಂತ ಕಠಿಣ. ಅಂತಃಕರಣ ಸ್ವತಂತ್ರ ಎಂದು ಜೈಲಿಗೆ ಹೋದವರ ಮೊಮ್ಮಕ್ಕಳು, ಗುಲಾಮರನ್ನು ಇಟ್ಟುಕೊಂಡವರೂ ಮಿಷನರಿಗಳಾಗಬಹುದು ಎಂದು ಹಟ ಹಿಡಿದು 1845ರಲ್ಲಿ ಜಾರ್ಜಿಯಾದ ಆಗಸ್ಟಾದಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟ ಕಟ್ಟಿದರು. ಒಕ್ಕೂಟ ಕ್ಷಮೆ ಕೇಳಿದ್ದು 1995ರಲ್ಲಿ. ಇಂಡಿಪೆಂಡೆಂಟರು ಇಪ್ಪತ್ತನೇ ಶತಮಾನದಲ್ಲಿ ಆ ಒಕ್ಕೂಟ ಬಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಕಾಲೇಜುಗಳಲ್ಲಿ ನಂಬಿಕೆ ಸಡಿಲವಾಯಿತು, ಮೇಲಿನವರ ಕೈಯಲ್ಲಿ ದುಡ್ಡು, ಅಧಿಕಾರ ಹೆಚ್ಚಾಯಿತು ಎನ್ನುವುದು ಅವರ ದೂರು. ಆದರೆ ಬಣ್ಣದ ಗೆರೆಯನ್ನು ಬಿಟ್ಟು ಬರಲಿಲ್ಲ. ಇಂಥ ಚರ್ಚುಗಳ ಪಾಸ್ಟರುಗಳು ಅನೇಕರು ಓದಿರುವ, ದಕ್ಷಿಣ ಕೆರೊಲಿನಾದ ಬಾಬ್ ಜೋನ್ಸ್ ವಿಶ್ವವಿದ್ಯಾಲಯ ಬಿಳಿಯರು ಕರಿಯರು ಜೋಡಿಯಾಗಿ ಓಡಾಡಬಾರದು ಎಂಬ ನಿಯಮವನ್ನು ತೆಗೆದದ್ದು 2000ದಲ್ಲಿ. ಇಲ್ಲಿ ನಾನಿರುವ ಊರಿನ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಇಂದಿಗೂ ಒಂದು ಚರ್ಚಿಗೆ ಬಿಳಿ ಮುಖಗಳು, ಮುಂದಿನ ಚರ್ಚಿಗೆ ಕರಿ ಮುಖಗಳು ಹೋಗುತ್ತವೆ. ಹುಟ್ಟಿನ ಲೆಕ್ಕ ಮುಂಬಾಗಿಲಿನಿಂದ ಹೊರಗೆ ಹೋಗಿ ಹಿತ್ತಿಲಿನಿಂದ ಒಳಗೆ ಬಂದಿದೆ. ನಮ್ಮಲ್ಲಿ ಆದದ್ದೂ ಇದೇ ತಾನೆ.

ಇನ್ನು ನಾನು ತುಂಬ ಮೆಚ್ಚಿದ ಸಂಗತಿ. ವರ್ಷಕ್ಕೊಮ್ಮೆ ಬುಧವಾರದ ಪ್ರಾರ್ಥನೆ ಆದ ಮೇಲೆ ಸಭೆಯ ವ್ಯವಹಾರದ ಕೂಟ ನಡೆಯುತ್ತದೆ. ಹೊರಗಿನವನಾದ ನನಗೆ ಮತವಿಲ್ಲ, ಕೂರಲು ಅಡ್ಡಿಯಿಲ್ಲ. ಎಲ್ಲರ ಕೈಗೂ ಒಂದು ಹಾಳೆ. ಪಾಸ್ಟರ ಸಂಬಳ, ವಿದ್ಯುತ್ ಬಿಲ್ಲು, ವ್ಯಾನಿನ ವಿಮೆ, ಪಿಯಾನೋ ಶ್ರುತಿ ಮಾಡಿಸಿದ ಖರ್ಚು, ಒಬ್ಬೊಬ್ಬ ಮಿಷನರಿಗೆ ತಿಂಗಳಿಗೆ ಎಷ್ಟು ಎಂಬ ಪಟ್ಟಿ, ಎಲ್ಲವೂ ಅದರಲ್ಲಿ. ಒಬ್ಬ ಅಜ್ಜಿ ಕನ್ನಡಕ ಏರಿಸಿಕೊಂಡು ಎದ್ದು, ಹುಲ್ಲು ಕತ್ತರಿಸುವ ಯಂತ್ರದ ರಿಪೇರಿಗೆ ಹೋದ ವರ್ಷಕ್ಕಿಂತ ಇಷ್ಟು ಹೆಚ್ಚು ಯಾಕೆ ಎಂದು ಕೇಳಿದರು. ಖಜಾಂಚಿ ವಿವರಿಸಿದರು. ಅಜ್ಜಿಗೆ ಸಮಾಧಾನ ಆಗಲಿಲ್ಲ. ಹೊಸದೇ ಕೊಂಡರೆ ಎಷ್ಟಾಗುತ್ತದೆ ಎಂದು ಮೂರು ಅಂಗಡಿಯ ದರ ತರಿಸಿ ಅಂದರು. ಒಬ್ಬರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು, ಕೈ ಎತ್ತಿ ಮತ ಹಾಕಿದರು, ಗೆದ್ದಿತು. ಪಾಸ್ಟರ್ ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದರು.

ನಮ್ಮ ಮಠದಲ್ಲಿ ಎದ್ದು ನಿಂತು ಬುದ್ಧಿಯವರ ಮುಂದೆ ಖರ್ಚಿನ ಲೆಕ್ಕ ಕೇಳುವ ಅಜ್ಜಿಯನ್ನು ನಾನು ಕಲ್ಪಿಸಿಕೊಳ್ಳಲಾರೆ. ನಮ್ಮಲ್ಲಿ ಅನ್ನ ಅಕ್ಷರದ ದೊಡ್ಡ ದೊಡ್ಡ ಕೆಲಸಗಳು ಮಠಗಳಿಂದ ಆಗಿವೆ, ನಾನೇ ಮಠದ ಹಾಸ್ಟೆಲಿನ ಅನ್ನ ಉಂಡು ಓದಿದವನು. ಲೆಕ್ಕ ಕೇಳುವುದು ಋಣ ಮರೆತಂತೆ ಎಂದು ನಾವೇ ನಂಬಿಕೊಂಡಿದ್ದೇವೆ. ದೇವಸ್ಥಾನದ ಲೆಕ್ಕ ಕೇಳುವುದಕ್ಕೆ ಸರ್ಕಾರ ಇದೆ. ಮುಜರಾಯಿ ಇಲಾಖೆಯ ಕೈಯಲ್ಲಿ 34 ಸಾವಿರಕ್ಕೂ ಹೆಚ್ಚು ಗುಡಿಗಳಿವೆ, ಆದಾಯ ನೋಡಿ ಎ, ಬಿ, ಸಿ ದರ್ಜೆ. ಅಲ್ಲಿ ಲೆಕ್ಕ ಉಂಟು, ಭಕ್ತನಿಗೆ ಮತ ಇಲ್ಲ. ಒಂದು ಕಡೆ ಗುರು, ಇನ್ನೊಂದು ಕಡೆ ತಹಶೀಲ್ದಾರ. ನಡುವೆ ಕೈಮುಗಿಯುವವರು ನಾವು.

ಪಾಸ್ಟರನ್ನು ಆರಿಸುವ ಬಗೆಯೂ ನೋಡುವಂಥದು. ಮೇಲಿನಿಂದ ಯಾವ ಬಿಷಪ್ಪೂ ಕಳಿಸುವುದಿಲ್ಲ, ಯಾಕೆಂದರೆ ಮೇಲೆ ಯಾರೂ ಇಲ್ಲ. ಸದಸ್ಯರ ಒಂದು ಸಮಿತಿ ಅಭ್ಯರ್ಥಿಯನ್ನು ಹುಡುಕುತ್ತದೆ, ಅವನು ಬಂದು ಒಂದು ಭಾನುವಾರ ಪ್ರಸಂಗ ಮಾಡುತ್ತಾನೆ, ಪ್ರಶ್ನೆಗಳಿಗೆ ಉತ್ತರ ಕೊಡುತ್ತಾನೆ, ಆಮೇಲೆ ಚೀಟಿ ಹಾಕಿ ಮತದಾನ. ಎಷ್ಟು ಬಹುಮತ ಬೇಕು ಎಂದು ಆಯಾ ಚರ್ಚಿನ ನಿಯಮಾವಳಿಯಲ್ಲಿ ಬರೆದಿರುತ್ತದೆ. ಮತ ಹಾಕುವವರಲ್ಲಿ ಹೆಂಗಸರೇ ಹೆಚ್ಚು. ಪಾಸ್ಟರ್ ಮಾತ್ರ ಗಂಡಸೇ ಆಗಬೇಕು, ಡೀಕನ್ನರೂ ಗಂಡಸರೇ. ಇದನ್ನು ಅವರು ಗ್ರಂಥ ತೋರಿಸಿ ಸಮರ್ಥಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ, ಆದರೆ ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಬೆರಳು ತೋರಿಸುವ ಸ್ಥಿತಿಯಲ್ಲಿ ಇಲ್ಲವಾದ್ದರಿಂದ ಮುಂದೆ ಹೋಗುತ್ತೇನೆ.

ಮೇಲೆ ಯಾರೂ ಇಲ್ಲದಿರುವುದರ ಬೆಲೆ ಏನು ಎನ್ನುವುದು ಕೆಟ್ಟದ್ದು ನಡೆದಾಗ ಗೊತ್ತಾಗುತ್ತದೆ. ಈ ಪಂಗಡದ ಹಿರಿಯ ತಲೆಗಳಲ್ಲಿ ಒಬ್ಬ, ಟೆಕ್ಸಾಸಿನ ಫೋರ್ಟ್ ವರ್ತ್‌ನ ಜೆ. ಫ್ರಾಂಕ್ ನಾರಿಸ್, 1926ರಲ್ಲಿ ಚರ್ಚಿನ ಕಚೇರಿಯಲ್ಲೇ ನಿರಾಯುಧನಾಗಿದ್ದ ಒಬ್ಬ ವ್ಯಾಪಾರಿಯನ್ನು ಗುಂಡಿಟ್ಟು ಕೊಂದ. ಆತ್ಮರಕ್ಷಣೆ ಎಂದು ಕೋರ್ಟಿನಲ್ಲಿ ಬಿಡುಗಡೆಯಾಯಿತು, ವೇದಿಕೆ ಅವನ ಕೈಯಲ್ಲೇ ಉಳಿಯಿತು. ಅದು ಹಳೆಯದಾಯಿತು ಅನ್ನೋಣ. 2018ರಲ್ಲಿ ಅದೇ ಊರಿನ ಪತ್ರಿಕೆ ಸ್ಟಾರ್-ಟೆಲಿಗ್ರಾಂ ಇಂಥ ಚರ್ಚುಗಳ ಬಗ್ಗೆ ತನಿಖೆ ಮಾಡಿ, 187 ಚರ್ಚು ಮತ್ತು ಅವುಗಳ ಸಂಸ್ಥೆಗಳಲ್ಲಿ ಲೈಂಗಿಕ ದುರ್ನಡತೆಯ ಕನಿಷ್ಠ 412 ಆರೋಪಗಳನ್ನು ಪತ್ತೆ ಮಾಡಿತು. ಒಂದು ಊರಿನಲ್ಲಿ ಆರೋಪ ಬಂದವನು ಇನ್ನೊಂದು ರಾಜ್ಯಕ್ಕೆ ಹೋಗಿ ಮತ್ತೆ ವೇದಿಕೆ ಹತ್ತಬಹುದು, ಒಂದು ಚರ್ಚಿನ ಕಡತ ಇನ್ನೊಂದು ಚರ್ಚಿಗೆ ಹೋಗಲೇಬೇಕೆಂದಿಲ್ಲ. ಎಲ್ಲವನ್ನೂ ಮತಕ್ಕೆ ಹಾಕುವ ಸಭೆ, ವಾಗ್ಮಿಯಾದ ಒಬ್ಬ ಪಾಸ್ಟರ್ ಎದ್ದು ದೇವರ ಅಭಿಷಿಕ್ತನನ್ನು ಮುಟ್ಟಬೇಡಿ ಅಂದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಹುಲ್ಲಿನ ಯಂತ್ರದ ಲೆಕ್ಕ ಕೇಳುವ ಅಜ್ಜಿಗೆ ಈ ಲೆಕ್ಕ ಕೇಳುವ ಧೈರ್ಯ ಇರುತ್ತದೆಯೇ? ಡೀಕನ್ ಹಿರಿಯರನ್ನು ನೇರವಾಗಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಪೊಲೀಸರಿಗೆ ಮೊದಲು ಫೋನ್ ಮಾಡಬೇಕು, ಡೀಕನ್ನರಿಗೆ ಆಮೇಲೆ ಅಂದರು. ನಮ್ಮ ನಿಯಮಾವಳಿಯಲ್ಲಿ ಅದನ್ನು ಬರೆದಿಲ್ಲ ಎಂದೂ ಹೇಳಿದರು. ಬರೆಯುವುದರಲ್ಲಿ ಇಷ್ಟು ನಂಬಿಕೆ ಇರುವವರು ಅದೊಂದನ್ನು ಏಕೆ ಬರೆದಿಲ್ಲವೋ. ಕರ್ನಾಟಕದಲ್ಲೂ ಮಠದ ಹಾಸ್ಟೆಲಿನ ಹೆಣ್ಣುಮಕ್ಕಳ ದೂರು ಕೋರ್ಟು ಮುಟ್ಟಿದ ಸುದ್ದಿ ಓದಿದವರೇ ನಾವು. ಗುರುವಿನ ಮುಂದೆ ಬಾಯಿ ಕಟ್ಟುವುದು ಎರಡೂ ಕಡೆ ಒಂದೇ ರೋಗ.

ಕೊನೆಗೆ ಮಿಷನ್. ಇದು ಅವರ ಉಸಿರು. ನೀವು ಹೊರಟುಹೋಗಿ ಎಲ್ಲ ಜನಾಂಗದವರನ್ನು ಶಿಷ್ಯರನ್ನಾಗಿ ಮಾಡಿರಿ ಎಂಬ ಮತ್ತಾಯನ ಸುವಾರ್ತೆಯ ಕೊನೆಯ ಮಾತು ಪ್ರತಿಯೊಬ್ಬನಿಗೂ ಹೇಳಿದ್ದು ಎಂದೇ ತಿಳಿಯುತ್ತಾರೆ. ಶನಿವಾರ ಬೆಳಿಗ್ಗೆ ಇಬ್ಬಿಬ್ಬರಾಗಿ ಮನೆ ಮನೆ ಬಾಗಿಲು ತಟ್ಟುತ್ತಾರೆ. ಕೈಯಲ್ಲಿ ಕರಪತ್ರ, ಬಾಯಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ ನಾಲ್ಕೈದು ವಚನ. ಹೊರದೇಶಕ್ಕೆ ಹೋಗುವವರ ದಾರಿ ಇನ್ನೂ ಕಷ್ಟದ್ದು. ಸಂಬಳ ಕೊಡುವ ಕೇಂದ್ರ ಕಚೇರಿ ಇಲ್ಲದ್ದರಿಂದ ಗಂಡ ಹೆಂಡತಿ ಮಕ್ಕಳು ಒಂದು ವ್ಯಾನಿನಲ್ಲಿ ಎರಡು ಮೂರು ವರ್ಷ ಚರ್ಚಿಂದ ಚರ್ಚಿಗೆ ಸುತ್ತುತ್ತಾರೆ. ಒಂದೊಂದು ಚರ್ಚು ತಿಂಗಳಿಗೆ ಐವತ್ತೋ ನೂರೋ ಡಾಲರ್ ಕೊಡುವುದಾಗಿ ಮತ ಹಾಕಿ ಒಪ್ಪುತ್ತದೆ. ಹಾಗೆ ಹತ್ತಾರು ಚರ್ಚು ಕೂಡಿದ ಮೇಲೆ ವಿಮಾನ. ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಬಂದ ಒಬ್ಬ ತಾಯಿ, ದಿನಾ ಬೇರೆ ಬೇರೆಯವರ ಮನೆಯ ಹಾಸಿಗೆಯಲ್ಲಿ ಮಲಗಿ ಮಕ್ಕಳಿಗೆ ತಮ್ಮ ಮನೆ ಯಾವುದೆಂದೇ ಮರೆತಿದೆ ಎಂದು ನಗುತ್ತ ಹೇಳಿದರು. ಇಷ್ಟು ತ್ಯಾಗವನ್ನು ದುಡ್ಡಿನ ಆಟ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ನಮ್ಮವರ ವಾಟ್ಸ್ಯಾಪ್ ಪಾಂಡಿತ್ಯ ನನಗೆ ಹಿಡಿಸುವುದಿಲ್ಲ.

ಆಮಿಷದ ಮಾತು ಬಂದಾಗ ನಾನು ನಮ್ಮ ನೆರೆಯ ಆಂಧ್ರದ ಓಂಗೋಲಿನ ಉದಾಹರಣೆ ಕೊಡುತ್ತೇನೆ. 1876ರಿಂದ 78ರವರೆಗಿನ ಬರಗಾಲ, ಮೈಸೂರು ಸೀಮೆಯನ್ನೂ ನುಂಗಿದ ಅದೇ ಬರ. ಅಮೆರಿಕನ್ ಬ್ಯಾಪ್ಟಿಸ್ಟ್ ಜಾನ್ ಕ್ಲೌ ಕಾಲುವೆ ತೋಡುವ ಗುತ್ತಿಗೆ ಹಿಡಿದು ಸಾವಿರಾರು ಜನರಿಗೆ ಕೂಲಿ ಕೊಟ್ಟ. ಆ ಬರದ ದಿನಗಳಲ್ಲಿ ದೀಕ್ಷಾಸ್ನಾನ ಕೊಡುವುದನ್ನೇ ನಿಲ್ಲಿಸಿದ, ಅನ್ನಕ್ಕಾಗಿ ಬಂದರು ಎಂಬ ಮಾತು ಬರಬಾರದೆಂದು. ಕೊನೆಗೆ 1878ರ ಜುಲೈ 3ರಂದು ಗುಂಡ್ಲಕಮ್ಮ ಹೊಳೆಯಲ್ಲಿ ಒಂದೇ ದಿನ 2,222 ಜನ ಮುಳುಗಿ ಎದ್ದರು. ಬಹುಪಾಲು ಮಾದಿಗರು. ಅವರ ನಡುವೆ ಹಳ್ಳಿಹಳ್ಳಿ ತಿರುಗಿ ಮಾತು ಮುಟ್ಟಿಸಿದ್ದು ಬಿಳಿಯರಲ್ಲ, ಚರ್ಮದ ವ್ಯಾಪಾರಿ ಯೆರ್ರಗುಂಟ್ಲ ಪೇರಯ್ಯ. ಅವರು ಬಿಟ್ಟು ಹೋದದ್ದು ಯಾವುದನ್ನು ಎಂದು ಕೇಳಿಕೊಳ್ಳದೆ, ಹೋದದ್ದು ಯಾಕೆ ಎಂದು ಮಾತ್ರ ಕೇಳುವುದು ನಮ್ಮ ಅಭ್ಯಾಸ.

ನನ್ನ ತಕರಾರು ಬೇರೆ ಕಡೆ. ಚರ್ಚಿನ ಪಡಸಾಲೆಯಲ್ಲಿ ಗೋಡೆಯಗಲದ ಲೋಕದ ನಕ್ಷೆ ಇದೆ. ಚಟ್ಟನೂಗಾದಿಂದ ಹೊರಟ ಬಣ್ಣದ ದಾರಗಳು ದೇಶದೇಶಗಳಿಗೆ ಹೋಗಿ ಗುಂಡುಸೂಜಿಯಲ್ಲಿ ನಿಂತಿವೆ. ಪಕ್ಕದಲ್ಲಿ ಆಯಾ ಕುಟುಂಬದ ಫೋಟೊ ಕಾರ್ಡು. ಆಫ್ರಿಕಾದ ಪಶ್ಚಿಮ ತೀರದಿಂದ ಜಪಾನಿನವರೆಗೆ, ಹತ್ತರಿಂದ ನಲವತ್ತು ಡಿಗ್ರಿ ಉತ್ತರ ಅಕ್ಷಾಂಶದ ನಡುವೆ ಒಂದು ಚೌಕ ಎಳೆದಿದ್ದಾರೆ. ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಮುಟ್ಟದ ಕತ್ತಲ ಪ್ರದೇಶ ಅದು, ‘10/40 ಕಿಟಕಿ’ ಎಂದು ಅದಕ್ಕೆ ಹೆಸರು. ಚಾಮರಾಜನಗರದಿಂದ ಬೀದರಿನವರೆಗೆ ಕರ್ನಾಟಕ ಪೂರಾ ಅದರೊಳಗಿದೆ. ಬರೀ ಅಕ್ಷಾಂಶ ನೋಡಿದರೆ 35 ಡಿಗ್ರಿಯ ಚಟ್ಟನೂಗಾವೂ ಅದರೊಳಗೇ ಬರುತ್ತದೆ, ಆದರೆ ಚೌಕ ಅಟ್ಲಾಂಟಿಕ್ ದಾಟಿ ಇತ್ತ ಬಂದಿಲ್ಲ! ಭಾರತದ ಮೇಲಿನ ಒಂದು ಸೂಜಿಗೆ ಫೋಟೊ ಇಲ್ಲ, ಹೆಸರಿಲ್ಲ. ಕೇಳಿದರೆ, ಅಲ್ಲಿ ಬಹಿರಂಗವಾಗಿ ಹೇಳುವಂತಿಲ್ಲ, ಸುರಕ್ಷತೆಗಾಗಿ ಎಂಬ ಉತ್ತರ ಬಂತು.

ದಕ್ಷಿಣ ಭಾರತಕ್ಕೆ ಹೊರಟ ಒಂದು ಜೋಡಿ ಹೋದ ಚಳಿಗಾಲದಲ್ಲಿ ಬಂದಾಗ ಹಿರಿಯರು ನನ್ನನ್ನು ಊಟಕ್ಕೆ ಕರೆದರು, ಆ ಕಡೆಯ ವಿಷಯ ಹೇಳು ಎಂದು. ಹುಡುಗ ಹುಡುಗಿ ಇಬ್ಬರೂ ಒಳ್ಳೆಯವರು, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ನಾನು ಹೇಳಿದೆ: ನಿಮ್ಮದೇ ಪಂಗಡದ ವಿಲಿಯಂ ಕೇರಿ ಸೆರಾಂಪುರದಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿ ಇನ್ನೂರು ವರ್ಷ ದಾಟಿತು, ಅದು 1817. ಅದಕ್ಕೂ ಮೊದಲು, 1810ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಇಳಿದರು, ನಮಗೆ ಮೊದಲ ಪತ್ರಿಕೆ ಕೊಟ್ಟರು, ಕಿಟ್ಟೆಲರ ನಿಘಂಟು ಕೊಟ್ಟರು. ಧಾರವಾಡ, ಹುಬ್ಬಳ್ಳಿ, ಗದಗಿನ ಬೆಟಗೇರಿಯಲ್ಲಿ ನಾಲ್ಕೈದು ತಲೆಮಾರಿನ ಕ್ರೈಸ್ತರಿದ್ದಾರೆ, ನನ್ನ ಗಣಿತದ ಮಾಸ್ತರರೇ ಅಂಥ ಮನೆಯವರು. ನಿಮ್ಮ ನಕ್ಷೆಯಲ್ಲಿ ಅವರೆಲ್ಲ ಎಲ್ಲಿ? ಹುಡುಗ ಇದಾವುದನ್ನೂ ಕೇಳಿರಲಿಲ್ಲ, ಪಾಪ, ಪುಸ್ತಕ ತೆಗೆದು ಬರೆದುಕೊಂಡ. ಆದರೆ ಅವರು ಕೂಸಿಗೆ ಸ್ನಾನ ಮಾಡಿಸುವವರಲ್ಲವೇ ಎಂದು ಆ ಹುಡುಗಿ ಕೇಳಿದಳು. ಹೌದು ಅಂದೆ. ಅಂದರೆ ಅವರಿಗೂ ಸುವಾರ್ತೆ ಮುಟ್ಟಬೇಕು ಎಂಬಂತೆ ಇಬ್ಬರೂ ಮುಖ ನೋಡಿಕೊಂಡರು. ಸಿದ್ಧಾಂತದಲ್ಲಿ ಗಟ್ಟಿ ಮಕ್ಕಳು!

ಅವರು ಹೊರಡುವ ಮುಂಚೆ ಒಂದು ಮಾತು ಕೇಳಿಕೊಂಡೆ. ನಿಮ್ಮ ಚರ್ಚಿನ ಹೊರಗೆ ನೀವು ಯಾರು, ಏನನ್ನು ನಂಬುತ್ತೀರಿ ಎಂದು ಆಳೆತ್ತರದ ಅಕ್ಷರದಲ್ಲಿ ಬರೆಸಿದ್ದೀರಿ, ಒಳಗೆ ಬಿಡಿಗಾಸಿನ ಲೆಕ್ಕವನ್ನೂ ಅಚ್ಚು ಹಾಕಿ ಹಂಚುತ್ತೀರಿ. ನಮ್ಮ ಊರಿಗೆ ಬಂದಾಗ ಮಾತ್ರ ಇಂಗ್ಲಿಷ್ ಕಲಿಸುವವರು, ಕಂಪ್ಯೂಟರ್ ತರಬೇತಿಯವರು ಎಂದು ಬರಬೇಡಿ. ಬೋರ್ಡು ಹಾಕಿಕೊಂಡು ಬನ್ನಿ. ಹಾಗೆ ಬಂದವರನ್ನು ನಮ್ಮವರು ಕಟ್ಟೆಯ ಮೇಲೆ ಕೂರಿಸಿಕೊಂಡು ವಾದ ಮಾಡುತ್ತಾರೆ, ಚಹಾನೂ ಕೊಡುತ್ತಾರೆ. ಮರೆಮಾಚಿ ಬಂದವರ ದೆಸೆಯಿಂದ ಏಟು ತಿನ್ನುವುದು ನೀವಲ್ಲ, ಅಲ್ಲೇ ನಾಲ್ಕು ತಲೆಮಾರಿನಿಂದ ಇರುವ ಬೆಟಗೇರಿಯ ಬಡ ಕ್ರೈಸ್ತ. ಬೋರ್ಡು ಹಾಕಿದರೆ ವೀಸಾ ಸಿಗುವುದಿಲ್ಲ ಅಂದ ಹುಡುಗ. ಹೆಲ್ವಿಸ್‌ಗೆ ಜೈಲು ಸಿಕ್ಕಿತ್ತು ಅಂದೆ ನಾನು. ಡೀಕನ್ ಹಿರಿಯರು ಇದನ್ನು ಮಿಷನ್ ಸಮಿತಿಯ ಮುಂದೆ ಇಡುತ್ತೇನೆ ಅಂದರು, ಇಟ್ಟರಂತೆ. ಇನ್ನೂ ಮತಕ್ಕೆ ಹಾಕಿಲ್ಲ.